ಮೂರನೇ ಕಿಟಕಿಯ ಎಡಗೆನ್ನೆ

ನಮ್ಮ ನೀರು ಸರಬರಾಜು ಕಚೇರಿಯ ಮೂರನೇ ಕಿಟಕಿಯಲ್ಲಿ ಕೂರುವ ಗುಮಾಸ್ತರ ಎಡಗೆನ್ನೆಯನ್ನು ಕಚೇರಿಯ ಆಸ್ತಿ ಎಂದು ಘೋಷಿಸಲಾಗಿದೆ. ಬಲಗೆನ್ನೆ ಎಂದಿನಂತೆ ಅವರ ಸ್ವಂತದ್ದು. ಈ ವಿಷಯದಲ್ಲಿ ಹೊರಗಿನವರು ಬಾಯಿಗೆ ಬಂದಂತೆ ಮಾತಾಡುತ್ತಿರುವುದರಿಂದ, ಘೋಷಣೆಯ ಕರಡು ಬರೆದವನಾದ ನಾನೇ ನಡೆದದ್ದನ್ನು ನಡೆದ ಹಾಗೆ ತಿಳಿಸುವುದು ಒಳ್ಳೆಯದು. ನಮ್ಮಲ್ಲಿ ಸುತ್ತೋಲೆ, ಜ್ಞಾಪನ, ನೋಟೀಸು ಏನೇ ಇರಲಿ, ಕರಡು ನನ್ನದು, ಸಹಿ ಸಾಹೇಬರದ್ದು, ತಪ್ಪು ಬೆರಳಚ್ಚಿನವರದ್ದು. ಈ ವ್ಯವಸ್ಥೆ ಇಷ್ಟು ಕಾಲ ಚೆನ್ನಾಗಿಯೇ ನಡೆದುಕೊಂಡು ಬಂದಿದೆ.

ಮೂರನೇ ಕಿಟಕಿ ಅಂದರೆ ದೂರು ವಿಭಾಗ. ನಲ್ಲಿಯಲ್ಲಿ ನೀರು ಬಾರದವರು, ನೀರಿನ ಬದಲು ಮಣ್ಣು ಬಂದವರು, ನಲ್ಲಿಯೇ ಇಲ್ಲದೆ ಬಿಲ್ಲು ಬಂದವರು, ಎಲ್ಲರೂ ಅಲ್ಲಿಗೇ ಬರಬೇಕು. ಅಲ್ಲಿ ಕೂರುವವರನ್ನು ನಾವು ಕರೆಯುವುದೂ ‘ಮೂರನೇ ಕಿಟಕಿ’ ಎಂದೇ. ಒಳ್ಳೆಯ ಮನುಷ್ಯ, ಯಾರ ತಂಟೆಗೂ ಹೋಗುವವರಲ್ಲ. ಅವರಿಗಿದ್ದದ್ದು ಒಂದೇ ಆಸೆ, ವರ್ಗಾವಣೆ. ಹೆಂಡತಿ ಬೇರೊಂದು ಊರಿನ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾದಾಗಿನಿಂದ ಇವರು ಇಲ್ಲಿ, ಅವರು ಅಲ್ಲಿ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ, ಒಟ್ಟಿಗೆ ಒಂದು ಊಟ ಮಾಡಿ, ಮತ್ತೆ ಬಸ್ಸು ಹತ್ತಿ ಬರುವುದೇ ಇವರ ಸಂಸಾರ. ವರ್ಗಾವಣೆಯ ಅರ್ಜಿಯನ್ನು ವರ್ಷ ವರ್ಷವೂ ನಾನೇ ಬರೆದುಕೊಡುತ್ತಿದ್ದೆ. ಅರ್ಜಿಯಲ್ಲಿ ಏನೂ ದೋಷವಿರಲಿಲ್ಲ, ಮೇಲಿನವರಿಗೆ ಮನಸ್ಸಿರಲಿಲ್ಲ ಅಷ್ಟೆ.

ಒಂದು ದಿನ ಕ್ಯಾಮೆರಾ ನೇತುಹಾಕಿಕೊಂಡ ಇಬ್ಬರು ಬಂದು ಕಚೇರಿಯ ಗೋಡೆ, ಮೆಟ್ಟಿಲು, ಫ್ಯಾನು ಎಲ್ಲದರ ಫೋಟೋ ತೆಗೆದರು. ಸಾಹೇಬರು ಅವರನ್ನು ಆಡಿಟ್‌ನವರು ಎಂದುಕೊಂಡು ಎದ್ದು ನಿಂತು ಟೀ ತರಿಸಿದರು. ಅವರು ವಿಡಿಯೋ ಗೇಮ್ ಮಾಡುವವರು ಎಂದು ಗೊತ್ತಾಗುವ ಹೊತ್ತಿಗೆ ಟೀ ಕುಡಿದಾಗಿತ್ತು. ಆ ದಿನವೇ ಮೂರನೇ ಕಿಟಕಿಯವರಿಗೆ ವಿಪರೀತ ಹಲ್ಲುನೋವು. ಎಡಗೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು. ಕೆಂಪು ಚೌಕುಳಿ ಟವೆಲನ್ನು ಗಲ್ಲದಿಂದ ನೆತ್ತಿಗೆ ಸುತ್ತಿ ಗಂಟು ಹಾಕಿದ್ದರು. ಗಂಟಿನ ಎರಡು ತುದಿ ಮೊಲದ ಕಿವಿಯ ಹಾಗೆ ನಿಂತಿದ್ದವು, ಒಂದು ಉದ್ದ, ಒಂದು ಗಿಡ್ಡ. ಬಾಯಿ ತೆರೆಯಲಾಗದೆ ಅವರು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: “ಅರ್ಜಿ ಬಿಟ್ಟು ಹೋಗಿ, ನಾಳೆ ನೋಡೋಣ.”

ಮರುದಿನ ಹಲ್ಲು ಕೀಳಿಸಿಕೊಂಡರು, ಊತ ಇಳಿಯಿತು, ನಾವೆಲ್ಲ ಮರೆತೆವು. ಆಟದವರು ಮರೆಯಲಿಲ್ಲ.

ಆ ಆಟದಲ್ಲಿ ಒಬ್ಬ ವೀರನಿದ್ದಾನೆ. ಅವನು ಬೆಂಕಿಯ ಹೊಳೆ ದಾಟುತ್ತಾನೆ, ಏಳು ತಲೆಯ ರಾಕ್ಷಸನ ಆರು ತಲೆ ಕಡಿಯುತ್ತಾನೆ. ಏಳನೆಯದನ್ನು ನೀರಿನಲ್ಲಿ ಮುಳುಗಿಸಿಯೇ ಕೊಲ್ಲಬೇಕು. ಅದಕ್ಕೆ ಪಂಪ್‌ಹೌಸಿನ ಬೀಗದ ಕೈ ಬೇಕು. ಬೀಗದ ಕೈ ನಮ್ಮ ಕಚೇರಿಯಲ್ಲಿದೆ. ವೀರ ಕತ್ತಿ ಹಿಡಿದುಕೊಂಡು ಸರತಿಯಲ್ಲಿ ನಿಂತು ಮೂರನೇ ಕಿಟಕಿಗೆ ಬರುತ್ತಾನೆ. ಅಲ್ಲಿ ಊದಿದ ಕೆನ್ನೆಯ, ಟವೆಲು ಸುತ್ತಿದ ಗುಮಾಸ್ತ ಹೇಳುತ್ತಾನೆ: “ಅರ್ಜಿ ಬಿಟ್ಟು ಹೋಗಿ, ನಾಳೆ ನೋಡೋಣ.” ವೀರ ಮಾರನೆಯ ದಿನ ಬರುತ್ತಾನೆ. ಮತ್ತೆ ಅದೇ ಮಾತು. ಈ ಗುಮಾಸ್ತನನ್ನು ದಾಟಿದವರು ಇಡೀ ಲೋಕದಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಆಡುವವರಿಗೆಲ್ಲ ವೀರನಿಗಿಂತ ಇವರ ಮೇಲೆಯೇ ಭಕ್ತಿ ಹುಟ್ಟಿತು.

ಅದೇ ದೃಶ್ಯದಲ್ಲಿ ಕಿಟಕಿಯ ಅಂಚಿಗೆ ಒಂದು ಮೊಣಕೈ ಕಾಣುತ್ತದೆ. ಅದು ನನ್ನದು. ಆಟದಲ್ಲಿ ನನ್ನದು ಅಷ್ಟೇ ಬಂದಿದೆ. ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ದಾಖಲೆಗೆ ಇರಲಿ ಎಂದು ಹೇಳಿದೆ.

ವೇಷದವರು ಬರತೊಡಗಿದ್ದು ಆಮೇಲೆ. ಮೊದಲು ಒಬ್ಬಿಬ್ಬರು, ನಂತರ ಗುಂಪು ಗುಂಪಾಗಿ. ಗಂಡಸರು, ಹೆಂಗಸರು, ಬ್ಯಾಂಕಿನವರು, ಲಾರಿ ಓಡಿಸುವವರು, ಎಲ್ಲರೂ ಕೆನ್ನೆಯಲ್ಲಿ ಹತ್ತಿ ತುರುಕಿಕೊಂಡು, ಟವೆಲು ಸುತ್ತಿಕೊಂಡು, ನಮ್ಮ ಮೂರನೇ ಕಿಟಕಿಯಾಗಿ ಬಂದು ಮೂರನೇ ಕಿಟಕಿಯ ಎದುರು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಏನು ಅವರ ಸೂಕ್ಷ್ಮ! ಟವೆಲಿನ ಗಿಡ್ಡ ತುದಿ ಯಾವ ಕಡೆ ಬಾಗಬೇಕೆಂದು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದರು. ಜೇಬಿನ ಪೆನ್ನು ಸೋರಿ ಆದ ಶಾಯಿಯ ಕಲೆ ಹರಿದ ದೋಸೆಯಂತಿರಬೇಕೋ, ಚಪ್ಪಲಿಯಂತಿರಬೇಕೋ ಎಂದು ಒಂದು ಬಣವೇ ಒಡೆದುಹೋಗಿತ್ತು. ಅಂಗಿಯ ಎರಡನೇ ಗುಂಡಿಯನ್ನು ಕಪ್ಪು ದಾರದಲ್ಲಿ ಹೊಲಿದಿರುವುದನ್ನು ನಾವು ಪಕ್ಕದಲ್ಲಿ ಕೂತವರೂ ನೋಡಿರಲಿಲ್ಲ. ಅವರು ನೋಡಿದ್ದರು.

“ಸಾರ್, ಬಿಳಿ ಅಂಗಿಗೆ ಕಪ್ಪು ದಾರ ಯಾಕೆ?” ಎಂದು ಒಬ್ಬರು ಬಹಳ ವಿನಯದಿಂದ ಕೇಳಿದರು.

“ಬಿಳಿ ದಾರ ಸಿಗಲಿಲ್ಲ,” ಎಂದರು ಮೂರನೇ ಕಿಟಕಿ.

ಎಲ್ಲರೂ ಅದನ್ನು ಬರೆದುಕೊಂಡರು.

ಈ ಅಭಿಮಾನಿ ಬಳಗದ ಅಧ್ಯಕ್ಷೆ ನಮ್ಮೂರಿನ ಹಲ್ಲಿನ ಡಾಕ್ಟರಮ್ಮ. ಅವರು ವೇಷ ಹಾಕಿದರೆ ಅದಕ್ಕೆ ಎರಡು ಮಾತಿಲ್ಲ. ಉಳಿದವರು ಕೆನ್ನೆಯ ಮೇಲ್ಭಾಗಕ್ಕೆ ಹತ್ತಿ ತುರುಕುತ್ತಾರೆ, ಆದರೆ ನಿಜವಾದ ಊತ ಕೆಳದವಡೆಯ ದೊಡ್ಡ ಹಲ್ಲಿನದು, ಅದು ಕಿವಿಯ ಬುಡದ ಕಡೆ ಇಳಿಯಬೇಕು ಎಂದು ಅವರೇ ತೋರಿಸಿಕೊಟ್ಟದ್ದು. ಅವರು ಮೊದಲ ಸಲ ಬಂದು ಕಿಟಕಿಯೊಳಗೆ ಬಗ್ಗಿ ನೋಡಿದಾಗ ಅವರ ಮುಖ ಸಣ್ಣಗಾಯಿತು.

“ಕೆನ್ನೆ ಎಲ್ಲಿ?” ಎಂದರು.

“ಇಲ್ಲೇ ಇದೆಯಲ್ಲ ಮೇಡಂ.”

“ಇದಲ್ಲ. ಊದಿದ್ದು. ಆ ಹಲ್ಲು ಎಲ್ಲಿ ಹೋಯ್ತು?”

“ಕೀಳಿಸಿಬಿಟ್ಟೆ.”

“ಕೀಳಿಸಿದ್ರಾ!” ಡಾಕ್ಟರಮ್ಮ ಕಿಟಕಿಯ ಕಂಬಿ ಹಿಡಿದುಕೊಂಡರು. “ಅಂಥ ಹಲ್ಲನ್ನ ಕೀಳೋಕೆ ಯಾವ ಕಟುಕನಿಗೆ ಮನಸ್ಸು ಬಂತು?”

“ನೀವೇ ಕಿತ್ತಿದ್ದು ಮೇಡಂ. ಮರೆತುಬಿಟ್ರಾ? ಬುಧವಾರ ಬಂದಿದ್ದೆ. ಗೇಮ್ ಆಗಿನ್ನೂ ಬಂದಿರಲಿಲ್ಲ.”

ಡಾಕ್ಟರಮ್ಮ ತಮ್ಮ ಬಲಗೈಯನ್ನೇ ನೋಡುತ್ತ ಬೆಂಚಿನ ಮೇಲೆ ಕುಳಿತುಬಿಟ್ಟರು. “ಅಯ್ಯೋ, ನನ್ನ ಕೈಯಾರೆ!” ಎಂದು ಬಿಕ್ಕಿ ಬಿಕ್ಕಿ ಅತ್ತರು. ಬಳಗದವರೆಲ್ಲ ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಮೂರನೇ ಕಿಟಕಿಯವರು ಎದ್ದು ಹೋಗಿ ಅವರಿಗೆ ನೀರು ತಂದುಕೊಟ್ಟರು. ನಮ್ಮ ಕಚೇರಿಯಿಂದ ಒಬ್ಬರಿಗೆ ಬೇಡಿಕೆ ಬಂದ ದಿನವೇ ನೀರು ಸರಬರಾಜಾದದ್ದು ಅದೇ ಮೊದಲು.

ಇದನ್ನೆಲ್ಲ ಸಾಹೇಬರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಜನ ತಾವಾಗಿಯೇ ಖುಷಿಯಿಂದ ಬಂದು ನಿಲ್ಲುವ ಸರ್ಕಾರಿ ಕಚೇರಿ ಇನ್ನೊಂದಿಲ್ಲ ಎಂದು ಅವರಿಗೆ ಹೊಳೆಯಿತು. ಪ್ರವೇಶ ಶುಲ್ಕ ಇಡಲಾಯಿತು. ಆಟದಲ್ಲಿ ಇರುವಂತೆ ಗೋಡೆಯ ಮೇಲೆ ನೀರು ಸೋರಿದ ಕಲೆ ಇರಬೇಕಿತ್ತು. ಅದನ್ನು ನಾವು ಕಳೆದ ವರ್ಷವಷ್ಟೇ ಸುಣ್ಣ ಬಳಿದು ಮುಚ್ಚಿದ್ದೆವು. ಈಗ ಸೋರಿಕೆಯನ್ನು ಪುನಃಸ್ಥಾಪಿಸಲು ಮೇಲಿನಿಂದ ಮಂಜೂರಾತಿ ಬಂತು. ಸೋರಿಕೆ ನಿಲ್ಲಿಸಲು ಬಾರದ ಎಂಜಿನಿಯರು ಅದನ್ನು ಮರಳಿ ತರುವ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿದರು.

ಇಂಥ ಹೊತ್ತಿನಲ್ಲೇ ಮೂರನೇ ಕಿಟಕಿಯವರ ವರ್ಗಾವಣೆಯ ಆದೇಶ ಬಂದುಬಿಟ್ಟಿತು, ಹೆಂಡತಿ ಇರುವ ಊರಿಗೇ. ಮನುಷ್ಯ ಆದೇಶವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ನಾನು ಓದಿ ನೋಡಿದೆ, ಒಂದು ಒತ್ತೂ ತಪ್ಪಿರಲಿಲ್ಲ. ಇಬ್ಬರೂ ಸಾಹೇಬರ ಕೋಣೆಗೆ ಹೋದೆವು.

“ಸಂತೋಷ,” ಎಂದರು ಸಾಹೇಬರು, ಆದೇಶವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತ. “ಬಹಳ ಸಂತೋಷ. ಆದರೆ ನಿಮ್ಮನ್ನ ಬಿಡೋ ಹಾಗಿಲ್ಲವಲ್ಲ.”

“ಸಾರ್, ಹೆಂಡತಿ ಅಲ್ಲಿ...”

“ಹೆಂಡತಿ ಯಾರಿಗಿಲ್ಲ? ನೀವು ಹೋದರೆ ಕಿಟಕಿ ಯಾರು ನೋಡಲಿಕ್ಕೆ ಬರ್ತಾರೆ? ಕಿಟಕಿ ಬಿಡಿ, ನನ್ನ ಬಡ್ತಿ ಯಾರು ನೋಡ್ತಾರೆ? ಸ್ವಲ್ಪ ದಿನ ತಡೀರಿ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಅಲ್ಲ. ಮೂರನೇ ಕಿಟಕಿಯವರು ಡ್ರಾಯರನ್ನು ಒಂದು ಸಲ ನೋಡಿ ವಾಪಸು ಬಂದು ಕುಳಿತರು. ಅಂದು ಮಧ್ಯಾಹ್ನವೇ ನಾನು ಈ ಕೆಳಗಿನ ಸುತ್ತೋಲೆಯ ಕರಡು ಬರೆದೆ:

“ಮೂರನೇ ಕಿಟಕಿಯ ನೌಕರರ ಎಡಗೆನ್ನೆಯು ಸಾರ್ವಜನಿಕ ವೀಕ್ಷಣೆಗೆ ಒಳಪಟ್ಟಿರುವುದರಿಂದ ಸದರಿ ಕೆನ್ನೆಯನ್ನು ಕಚೇರಿಯ ಆಸ್ತಿಯೆಂದು ಪರಿಗಣಿಸಲಾಗಿದೆ. ಕಚೇರಿ ವೇಳೆಯಲ್ಲಿ ಸದರಿ ಕೆನ್ನೆಯನ್ನು ಊದಿದ ಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು. ಊಟದ ವಿರಾಮದಲ್ಲಿ ಕೆನ್ನೆ ಇಳಿದಲ್ಲಿ ಆಕ್ಷೇಪಣೆ ಇರುವುದಿಲ್ಲ. ರಜಾ ದಿನಗಳಲ್ಲಿ ಕೆನ್ನೆಯನ್ನು ಊರಿನಿಂದ ಹೊರಗೆ ಕೊಂಡೊಯ್ಯಬೇಕಾದಲ್ಲಿ ಪೂರ್ವಾನುಮತಿ ಪಡೆಯತಕ್ಕದ್ದು. ಕೆನ್ನೆಗೆ ಹೊಂದಿಕೊಂಡಿರುವ ನೌಕರರು ಕಿಟಕಿಯಲ್ಲಿ ‘ಅರ್ಜಿ ಬಿಟ್ಟು ಹೋಗಿ, ನಾಳೆ ನೋಡೋಣ’ ಎಂಬುದರ ಹೊರತು ಬೇರೇನನ್ನೂ ನುಡಿಯತಕ್ಕದ್ದಲ್ಲ.”

ಕೆನ್ನೆ ಊದಿಸುವ ಅಚ್ಚಿಗೆ ಟೆಂಡರು ಕರೆದೆವು. ಅತಿ ಕಡಿಮೆ ದರ ಬರೆದವರು ಬಲಗೆನ್ನೆಯದನ್ನು ಸರಬರಾಜು ಮಾಡಿದರು. ಖರೀದಿ ಆಗಿಹೋಗಿದ್ದರಿಂದ, ನೌಕರರನ್ನೇ ತಿರುಗಿಸಿ ಕೂರಿಸಿ ಜನರಿಗೆ ಕನ್ನಡಿಯಲ್ಲಿ ತೋರಿಸಬಹುದೇ ಎಂದು ಲೆಕ್ಕಪತ್ರ ವಿಭಾಗ ಕೇಳಿತು. ಕೊನೆಗೆ ಡಾಕ್ಟರಮ್ಮನೇ ಪ್ರಾಯಶ್ಚಿತ್ತ ಎಂದು ತಮ್ಮ ಕೈಯಿಂದ ಒಂದು ಎಡಗೆನ್ನೆಯ ಅಚ್ಚು ಮಾಡಿಕೊಟ್ಟರು. ಅದನ್ನು ಹಾಕಿಕೊಂಡರೆ ಮೂರನೇ ಕಿಟಕಿಯವರಿಗೆ ಉಗುಳು ನುಂಗಲೂ ಕಷ್ಟ. ನೋವು ಮೊದಲಿನಷ್ಟೇ ಆಗುತ್ತದೆ ಎಂದು ಅವರು ದೂರಿದರು. ಡಾಕ್ಟರಮ್ಮ ಅದನ್ನು ಹೊಗಳಿಕೆ ಎಂದು ತೆಗೆದುಕೊಂಡರು.

ದೂರು ವಿಭಾಗದ ಕೆಲಸ ಇದರಿಂದ ಪೂರ್ತಿ ನಿಂತುಹೋಯಿತು. ಆದರೆ ಯಾರೂ ದೂರಲಿಲ್ಲ, ಯಾಕೆಂದರೆ ಮೊದಲೂ ಅಲ್ಲಿ ಸಿಗುತ್ತಿದ್ದ ಉತ್ತರ ಅದೇ. ಒಂದು ಸಲ ಮಾತ್ರ ಯಾವುದೋ ಬೀದಿಯವರೊಬ್ಬರು ಖಾಲಿ ಬಕೆಟ್ಟು ಹಿಡಿದುಕೊಂಡು ವೇಷದವರ ನಡುವೆ ಸರತಿಯಲ್ಲಿ ಬಂದು, “ಸ್ವಾಮಿ, ನಮ್ಮ ಬೀದಿಗೆ ನೀರು ಬಂದು ತಿಂಗಳಾಯ್ತು” ಎಂದರು. ಬಳಗದವರು ಬೆರಗಾದರು. ಡಾಕ್ಟರಮ್ಮ ಹತ್ತಿರ ಹೋಗಿ ಅವರ ತುಟಿ ನೋಡಿ, “ಬಿರುಕು ನೋಡ್ರೋ! ಎಂಥ ಸೂಕ್ಷ್ಮ ಕೆಲಸ!” ಎಂದರು. ಆ ತಿಂಗಳ ವೇಷಸ್ಪರ್ಧೆಯಲ್ಲಿ ‘ನೀರಿಲ್ಲದ ನಾಗರಿಕ’ ಪಾತ್ರಕ್ಕೆ ಅವರಿಗೆ ಸಮಾಧಾನಕರ ಬಹುಮಾನ ಬಂತು. ವೇದಿಕೆಯ ಮೇಲೂ ಅವರು ನೀರನ್ನೇ ಕೇಳಿದರು. ಪಾತ್ರದಿಂದ ಒಂದಿಷ್ಟೂ ಆಚೆ ಬರಲಿಲ್ಲವೆಂದು ಮತ್ತೆ ಚಪ್ಪಾಳೆ ಬಿತ್ತು.

ಇತ್ತ ಕೆನ್ನೆಗೆ ಊರು ಬಿಡುವ ಅನುಮತಿ ಸಿಗದೆ ಮೂರನೇ ಕಿಟಕಿಯವರು ಹೆಂಡತಿಯ ಊರಿಗೆ ಹೋಗುವುದೇ ನಿಂತಿತು. ಅತ್ತಿಗೆ ಫೋನು ಮಾಡಿದರು. ಅವರನ್ನು ನಾವೆಲ್ಲ ಅತ್ತಿಗೆ ಎಂದೇ ಕರೆಯುವುದು. ಪಾಪ, ಕಚೇರಿ ವೇಳೆಯಲ್ಲಿ ಮಾಡಿದರು.

“ರೀ, ಯಾವಾಗ ಬರ್ತೀರಿ?”

ಕಿಟಕಿಯ ಎದುರು ಬಳಗ ನಿಂತಿತ್ತು, ಹಿಂದೆ ಸಾಹೇಬರು ನಿಂತಿದ್ದರು. “ಅರ್ಜಿ ಬಿಟ್ಟು ಹೋಗಿ, ನಾಳೆ ನೋಡೋಣ,” ಎಂದರು ಮೂರನೇ ಕಿಟಕಿ.

ಅತ್ತಿಗೆ ಮಾರನೆಯ ದಿನ ಬೆಳಗಿನ ಬಸ್ಸಿಗೇ ಬಂದಿಳಿದರು. ಕಚೇರಿಯ ಓಣಿಯುದ್ದಕ್ಕೂ ಕೆನ್ನೆ ಊದಿದವರು ಸಾಲಾಗಿ ನಿಂತಿದ್ದನ್ನು ನೋಡಿ, ನರ್ಸಲ್ಲವೇ, “ಇದೇನು, ಊರಿಗೆಲ್ಲ ಮಂಗನಬಾವು ಬಂದಿದೆಯಾ?” ಎಂದು ಮೂಗಿಗೆ ಸೆರಗು ಹಿಡಿದರು. ಆಮೇಲೆ ಕೆಂಪು ಚೌಕುಳಿ ಟವೆಲಿನ ಒಂದು ಬೆನ್ನನ್ನು ಕಂಡು “ರೀ” ಎಂದು ಭುಜ ಮುಟ್ಟಿದರು. ತಿರುಗಿದವರು ಬ್ಯಾಂಕಿನ ಒಬ್ಬ ಹೆಂಗಸು. ಇನ್ನೊಂದು ಬೆನ್ನಿಗೆ “ರೀ” ಎಂದರು, ಅದು ಲಾರಿಯವರು. ಹೀಗೆ ಐದಾರು ಗಂಡಂದಿರನ್ನು ಮಾತಾಡಿಸಿ, ಹಲ್ಲುನೋವು, ಆಟ, ಕಪ್ಪು ದಾರ ಎಲ್ಲವನ್ನೂ ಅವರ ಬಾಯಿಂದಲೇ ಕೇಳಿ, ಕೊನೆಗೆ ಕಿಟಕಿಗೆ ಬಂದು ನಿಜವಾದವರನ್ನು ಗುರುತು ಹಿಡಿದರು.

“ಏನ್ರೀ ಇದು ಅವತಾರ? ಇಷ್ಟು ದಿನ ಆಯ್ತು ಮುಖ ತೋರಿಸಿ. ಬದುಕಿದೀರೋ ಇಲ್ಲವೋ ಅಂತ ನಾನು ಯಾರನ್ನ ಕೇಳಲಿ?”

ಮೂರನೇ ಕಿಟಕಿಯವರ ಕಣ್ಣು ತುಂಬಿತು. ಅಚ್ಚನ್ನು ಉಗುಳಿಬಿಡಲು ಬಾಯಿ ತೆರೆದರು. ಸಾಹೇಬರು ಹಿಂದಿನಿಂದ ಕೆಮ್ಮಿದರು.

“ಅರ್ಜಿ ಬಿಟ್ಟು ಹೋಗಿ, ನಾಳೆ ನೋಡೋಣ.”

“ಅರ್ಜೀನಾ?” ಅತ್ತಿಗೆಯ ದನಿಗೆ ಓಣಿಯಲ್ಲಿದ್ದ ಟವೆಲುಗಳೆಲ್ಲ ಒಮ್ಮೆಲೇ ಇತ್ತ ತಿರುಗಿದವು. “ನಾನು ಅರ್ಜಿ ಕೊಡಬೇಕಾ ನಿಮಗೆ? ಕೊಡ್ತೀನಿ, ತಗೊಳ್ಳಿ! ತಾಳಿ ಕಟ್ಟಿಸಿಕೊಂಡ ದಿನದಿಂದ ಕೇಳ್ತಾ ಇದೀನಿ, ನಾಳೆ ನೋಡೋಣ, ನಾಳೆ ನೋಡೋಣ! ಎಲ್ಲಿದೆ ರೀ ಆ ನಾಳೆ? ಅಲ್ಲಿ ಕಂಡವರ ಗಂಡಂದಿರಿಗೆಲ್ಲ ಸೂಜಿ ಚುಚ್ಚಿ, ಮಾತ್ರೆ ನುಂಗಿಸಿ, ‘ಹುಷಾರಾಗಿ ಮನೆಗೆ ಹೋಗಿಪ್ಪಾ’ ಅಂತ ಕಳಿಸಿ, ಮನೆಗೆ ಬಂದು ಒಬ್ಬಳೇ ತಟ್ಟೆ ಹಾಕ್ಕೊಂಡು ಕೂತ್ಕೋತೀನಿ. ನಿಮಗೆ ಹಲ್ಲುನೋವು ಬಂದದ್ದು ಲೋಕಕ್ಕೆಲ್ಲ ಗೊತ್ತು, ಕಟ್ಕೊಂಡ ನನಗೆ ಗೊತ್ತಿಲ್ಲ! ಬಿಳಿ ಅಂಗಿಗೆ ಕಪ್ಪು ದಾರ ಹಾಕ್ಕೊಂಡು ಕೂತಿದೀರಲ್ಲ, ಇಷ್ಟು ಜನಕ್ಕೆ ಕಾಣಿಸ್ತು, ಒಬ್ಬರಿಗಾದರೂ ಇವನಿಗೊಬ್ಬಳು ಹೆಂಡತಿ ಇದಾಳೆ ಅಂತ ಹೊಳೀತಾ?”

ಇಷ್ಟು ಹೇಳಿ ಕಿಟಕಿಯ ಕಟ್ಟೆಗೆ ಹಣೆ ಹಚ್ಚಿ ಅತ್ತುಬಿಟ್ಟರು. ಓಣಿಯಲ್ಲಿ ಯಾರೂ ಉಸಿರು ಬಿಡಲಿಲ್ಲ. ಎಲ್ಲರೂ ರೆಕಾರ್ಡು ಮಾಡಿಕೊಳ್ಳುತ್ತಿದ್ದರು.

ಆಟದವರಿಗೆ ಅದು ತಲುಪಿತು. ಅವರು ತಕ್ಷಣವೇ ಹೊಸ ಆವೃತ್ತಿ ತಂದರು. ಅದರಲ್ಲಿ ಗುಮಾಸ್ತನ ಹೆಂಡತಿ ಬಂದು ಬೈಯುತ್ತಾಳೆ. ಬೈಗುಳದ ಕೊನೆಗೆ ಅವಳು ಅತ್ತಾಗ ಗುಮಾಸ್ತ ಅವಳನ್ನೇ ನೋಡುತ್ತ ಕೂರುತ್ತಾನೆ, ವೀರ ಹಿಂದಿನಿಂದ ನುಸುಳಿ ಬೀಗದ ಕೈ ಎತ್ತಿಕೊಳ್ಳುತ್ತಾನೆ. ರಾಕ್ಷಸ ಕೊನೆಗೂ ಸತ್ತ. ಲೋಕದಲ್ಲಿ ಆ ಆಟವನ್ನು ಗೆಲ್ಲಲು ಅತ್ತಿಗೆಯ ಅಳುವೊಂದೇ ದಾರಿ ಎಂದಾಯಿತು.

ಇನ್ನು ಅತ್ತಿಗೆಯನ್ನು ಬೇರೆ ಊರಿನಲ್ಲಿ ಬಿಡಲಾಗುತ್ತದೆಯೇ? ಗಂಡ ಹೆಂಡತಿ ಒಂದೇ ಊರಿನಲ್ಲಿರಬೇಕೆಂಬ ಕಾರಣಕ್ಕೆ ಇಷ್ಟು ವರ್ಷ ಸಿಗದ ವರ್ಗಾವಣೆ, ಗಂಡನನ್ನು ಬೈಯಬೇಕೆಂಬ ಕಾರಣಕ್ಕೆ ವಾರದೊಳಗೆ ಸಿಕ್ಕಿತು. ಆಸ್ಪತ್ರೆಯವರು ಅವರನ್ನು ನಮ್ಮಲ್ಲಿಗೆ ನಿಯೋಜನೆಯ ಮೇಲೆ ಕಳಿಸಿದರು. ಹುದ್ದೆ: ಬೈಗುಳ ಸಹಾಯಕಿ. ಕರ್ತವ್ಯ: ಪ್ರತಿದಿನ ಬೆಳಗ್ಗೆ ಮೂರನೇ ಕಿಟಕಿಯಲ್ಲಿ ಮೂಲದಲ್ಲಿರುವಂತೆಯೇ ಬೈದು ಅಳುವುದು.

ಕಚೇರಿಯ ಹಿಂದಿನ ಬೀದಿಯಲ್ಲಿ ಮನೆ ಹಿಡಿದರು. ಅಷ್ಟು ವರ್ಷದ ಮೇಲೆ ಮೊದಲ ಸಲ ಇಬ್ಬರಿಗೂ ಸೇರಿ ಒಂದು ಮನೆ, ಒಂದು ಒಲೆ. ಅವರ ಖುಷಿ ನೋಡಿದರೆ ನಮಗೇ ನಾಚಿಕೆಯಾಗಬೇಕು. ಮಧ್ಯಾಹ್ನ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು. ಅಚ್ಚು ತೆಗೆದಿಟ್ಟ ಮೇಲೆ ಅವರ ಕೆನ್ನೆಯನ್ನು ಅತ್ತಿಗೆ ಒಳಗೂ ಹೊರಗೂ ಪರೀಕ್ಷಿಸಿ ಮುಲಾಮು ಹಚ್ಚುತ್ತಿದ್ದರು. ಮನೆಯ ಅಂಗಿಗಳಿಗೆಲ್ಲ ಬಿಳಿ ದಾರದ ಗುಂಡಿ ಹಾಕಿದರು, ಕಚೇರಿಯ ಒಂದು ಅಂಗಿಗೆ ಮಾತ್ರ ನಿಯಮದಂತೆ ಕಪ್ಪು ದಾರ.

ತೊಂದರೆ ಶುರುವಾದದ್ದು ಅಲ್ಲೇ. ಡಾಕ್ಟರಮ್ಮ ಬಳಗದ ಪರವಾಗಿ ಲಿಖಿತ ಆಕ್ಷೇಪಣೆ ಸಲ್ಲಿಸಿದರು. “ಮೂಲದಲ್ಲಿ ‘ಒಬ್ಬಳೇ ತಟ್ಟೆ ಹಾಕ್ಕೊಂಡು’ ಅನ್ನೋವಾಗ ಗಂಟಲು ಕಟ್ಟುತ್ತೆ,” ಎಂದು ಸಾಹೇಬರ ಎದುರು ವಿವರಿಸಿದರು. “ಈಗ ಕಟ್ಟುತ್ತಾ ಇಲ್ಲ. ಎಡಗಣ್ಣಿನ ಹನಿ ಬಲಗಣ್ಣಿಗಿಂತ ಮುಂಚೆ ಬರಬೇಕು, ಈಗ ಎರಡೂ ಬರ್ತಿಲ್ಲ. ನಿನ್ನೆಯಂತೂ ಇವರು ಬೈತಾ ಬೈತಾ ನಕ್ಕುಬಿಟ್ಟರು ಸಾರ್. ದೂರದಿಂದ ಬಂದವರಿಗೆ ಎಷ್ಟು ಬೇಜಾರಾಗಿರಬೇಡ!”

ಸಾಹೇಬರ ಸೂಚನೆಯಂತೆ ಅತ್ತಿಗೆಗೆ ನಾನು ನೋಟೀಸು ಬರೆದೆ: ಕರ್ತವ್ಯದ ವೇಳೆಯಲ್ಲಿ ಸುಖದಿಂದ ಇದ್ದುದಕ್ಕಾಗಿ ನಿಮ್ಮ ಮೇಲೆ ಯಾಕೆ ಶಿಸ್ತುಕ್ರಮ ಜರುಗಿಸಬಾರದು? ಅತ್ತಿಗೆ ಅದನ್ನು ನನ್ನ ಹತ್ತಿರವೇ ತಂದರು, ಉತ್ತರವನ್ನೂ ನಾನೇ ಬರೆದುಕೊಟ್ಟೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬುದು ಹಿರಿಯರು ವಿಧಿಸಿದ ಕಾಲಮಿತಿಯಾಗಿದ್ದು, ಮಾರನೆಯ ದಿನಕ್ಕೆ ಅದನ್ನು ಮುಂದುವರಿಸಲು ಅವಕಾಶ ಇರುವುದಿಲ್ಲ ಎಂದು ಬರೆದೆ.

ಸಾಹೇಬರು ಅದನ್ನು ಮೂರು ಸಲ ಓದಿದರು. “ಹಾಗಾದರೆ ತಪ್ಪು ಉಣ್ಣೋದರಲ್ಲಿದೆಯೋ, ಮಲಗೋದರಲ್ಲಿದೆಯೋ?” ಎಂದು ಕೇಳಿದರು. ಪ್ರಯೋಗಕ್ಕೆಂದು ಇಬ್ಬರೂ ಬೇರೆ ಬೇರೆ ಉಣ್ಣಬೇಕು, ಬೇರೆ ಬೇರೆ ಕೋಣೆಯಲ್ಲಿ ಮಲಗಬೇಕು ಎಂದು ಆದೇಶವಾಯಿತು. ಅವರು ಪಾಲಿಸಿದರು. ಆದರೆ ಬಾಗಿಲಿನ ಆಚೆ ಈಚೆ ಕುಳಿತು ಹರಟೆ ಹೊಡೆದರಂತೆ. ಮಾರನೆಯ ದಿನದ ಬೈಗುಳ ಮತ್ತೂ ಕೆಟ್ಟಿತು.

ಮನೆಯಲ್ಲಿ ಅಭ್ಯಾಸವನ್ನೂ ಮಾಡಿ ನೋಡಿದರು. “ನೀವೇನಾದರೂ ಒಂದು ಚುಚ್ಚು ಮಾತು ಆಡ್ರೀ, ಸಿಟ್ಟು ಬರಲಿ,” ಎಂದು ಅತ್ತಿಗೆ ಗೋಗರೆದರಂತೆ. ಅವರು ಬಹಳ ಯೋಚಿಸಿ, “ಸಾರಿಗೆ ಉಪ್ಪು ಸ್ವಲ್ಪ ಕಡಿಮೆ,” ಎಂದರಂತೆ. ಅತ್ತಿಗೆ ಎದ್ದು ಹೋಗಿ ಉಪ್ಪು ತಂದು ಹಾಕಿದರಂತೆ. ಜಗಳ ಅಷ್ಟಕ್ಕೇ ಮುಗಿಯಿತು.

ಬೇರೆ ದಾರಿ ಕಾಣದೆ ಸಾಹೇಬರು ಅತ್ತಿಗೆಯನ್ನು ಹಳೆಯ ಊರಿಗೆ ವಾಪಸು ಕಳಿಸುವ ಆದೇಶಕ್ಕೆ ಸಹಿ ಹಾಕಿದರು. ಮೂಲ ದುಃಖವನ್ನು ಮೂಲ ಸ್ಥಳದಲ್ಲೇ ಬೆಳೆಸಿಕೊಂಡು, ತಿಂಗಳಿಗೊಮ್ಮೆ ಪ್ರಯಾಣ ಭತ್ಯೆಯ ಮೇಲೆ ಬಂದು ಅತ್ತು ಹೋಗತಕ್ಕದ್ದು. ನಾನು ಆದೇಶ ಕೊಟ್ಟದ್ದು ಬೆಳಗ್ಗೆ, ಅವರು ಕಿಟಕಿಗೆ ಹೋಗುವ ಸ್ವಲ್ಪ ಮುಂಚೆ. ಓದಿದರು. ನನ್ನನ್ನು ನೋಡಿದರು. ನೆಟ್ಟಗೆ ಕಿಟಕಿಗೆ ಹೋದರು.

“ಒಬ್ಬಳೇ ತಟ್ಟೆ ಹಾಕ್ಕೊಂಡು...” ಎಂದವರು ಮುಂದಕ್ಕೆ ಹೋಗಲೇ ಇಲ್ಲ. ಕಂಬಿಯೊಳಗೆ ಕೈ ಹಾಕಿ ಗಂಡನ ಅಂಗಿ ಹಿಡಿದುಕೊಂಡರು. “ಇನ್ನು ಆಗಲ್ಲ ರೀ ನನ್ನ ಕೈಲಿ. ಒಂದು ಸಲ ಒಟ್ಟಿಗಿದ್ದು ನೋಡಿದ ಮೇಲೆ ಆಗಲ್ಲ.” ಎಡಗಣ್ಣಿನ ಹನಿ ಮೊದಲು ಬಂತು.

“ಬಂತು!” ಎಂದು ಡಾಕ್ಟರಮ್ಮ ಎದ್ದು ನಿಂತರು. “ಗಂಟಲು ಬಂತು! ಮೂಲಕ್ಕಿಂತ ಒಂದು ಕೈ ಮೇಲೆ ಬಂತು!”

ಓಣಿಯೆಲ್ಲ ಚಪ್ಪಾಳೆ. ಸಾಹೇಬರ ಮುಖ ಅರಳಿತು. ಉದ್ದೇಶ ಈಡೇರಿದ್ದರಿಂದ ಸಂಜೆಯೊಳಗೆ ಆದೇಶ ಹಿಂಪಡೆದರು. ಅತ್ತಿಗೆ ಮನೆಗೆ ಹೋದರು. ಮಾರನೆಯ ದಿನ ಮತ್ತೆ ನಗು ಬಂದುಬಿಟ್ಟಿತು. ಆದ್ದರಿಂದ ವಾರಕ್ಕೊಮ್ಮೆ, ಸೋಮವಾರ, ಆದೇಶ ಹೊರಡಿಸಿ ಸಂಜೆ ಹಿಂಪಡೆಯುವ ಪದ್ಧತಿ ಜಾರಿಗೆ ಬಂತು. ಮೊದಲ ಒಂದೆರಡು ಸೋಮವಾರ ಅಳು ಚೆನ್ನಾಗಿತ್ತು. ಆಮೇಲೆ ಅತ್ತಿಗೆಗೆ ಗುಟ್ಟು ತಿಳಿದುಹೋಯಿತು. ಆದೇಶವನ್ನು ಓದದೆಯೇ ಸೆರಗಿಗೆ ಸಿಕ್ಕಿಸಿಕೊಂಡು, “ಸಂಜೆ ವಾಪಸ್ ಕೊಡ್ತೀನಿ ಅಣ್ಣಾ” ಎನ್ನುತ್ತಿದ್ದರು.

ಆಗ ನಾನು ಒಂದು ವಾಕ್ಯ ಬರೆದೆ. ನನ್ನ ಇಡೀ ಸೇವೆಯಲ್ಲಿ ಅಂಥ ವಾಕ್ಯ ಬರೆದಿಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿದರು. ಡಾಕ್ಟರಮ್ಮ ಅದನ್ನು ಚೌಕಟ್ಟು ಹಾಕಿಸಿ ಕ್ಲಿನಿಕ್ಕಿನಲ್ಲಿ ತೂಗುಹಾಕಿದ್ದಾರೆ. ವಾಕ್ಯ ಹೀಗಿದೆ: “ಸದರಿ ಆದೇಶಗಳಲ್ಲಿ ಯಾವುದಾದರೊಂದನ್ನು ಹಿಂಪಡೆಯಲಾಗುವುದಿಲ್ಲ, ಮತ್ತು ಅದು ಯಾವುದೆಂಬುದನ್ನು ಮುಂಚಿತವಾಗಿ ಯಾರಿಗೂ ತಿಳಿಸತಕ್ಕದ್ದಲ್ಲ.”

ಅದರ ಮುಂದಿನ ಸೋಮವಾರ ಅತ್ತಿಗೆ ಆದೇಶ ತೆಗೆದುಕೊಂಡು ನನ್ನ ಮೇಜಿನ ಹತ್ತಿರವೇ ನಿಂತರು.

“ಅಣ್ಣಾ, ಈ ಸಲದ್ದು ನಿಜವೋ, ಸುಳ್ಳೋ? ನನಗೊಬ್ಬಳಿಗೆ ಹೇಳಿ. ಯಾರಿಗೂ ಬಾಯಿ ಬಿಡಲ್ಲ.”

“ನನಗೂ ತಿಳಿಸೋದಿಲ್ಲ ಅತ್ತಿಗೆ,” ಎಂದೆ. “ನಿಯಮ ನಾನೇ ಬರೆದದ್ದು.”

ಅವರು ತಲೆಯಾಡಿಸಿದರು. ಆ ದಿನದ ಅಳುವನ್ನು ನೋಡಿದವರು ಇಂದಿಗೂ ನೆನೆಯುತ್ತಾರೆ. ಮೂರನೇ ಕಿಟಕಿಯವರು ಅಚ್ಚನ್ನು ಬಾಯಿಂದ ಕಿತ್ತು ಮೇಜಿನ ಮೇಲಿಟ್ಟು, “ಹೋಗಬೇಡ್ವೇ,” ಎಂದರು. ಅದು ನಿಯಮದ ಉಲ್ಲಂಘನೆ. ಆದರೂ ಬಳಗದವರು ಅದಕ್ಕೂ ಚಪ್ಪಾಳೆ ತಟ್ಟಿದರು. ಸಂಜೆ ಕಚೇರಿ ಮುಚ್ಚುವ ತನಕ ಇಬ್ಬರೂ ಓಣಿಯ ಬೆಂಚಿನ ಮೇಲೆ ಕೈ ಹಿಡಿದುಕೊಂಡು ಕುಳಿತು ಕಾದರು. ಹಿಂಪಡೆದ ಪತ್ರ ಬರಲಿಲ್ಲ. ಅತ್ತಿಗೆ ಮನೆಗೆ ಹೋಗಿ ಬಟ್ಟೆ ತುಂಬಿದ ನೀಲಿ ಚೀಲವೊಂದನ್ನು ತಂದರು, ಒಂದು ಹಿಡಿ ಕಿತ್ತಿತ್ತು, ಕಪ್ಪು ದಾರದಲ್ಲಿ ಹೊಲಿದಿತ್ತು. ಮೂರನೇ ಕಿಟಕಿಯವರು ಬಸ್ಸಿನವರೆಗೆ ಅದನ್ನು ಹೊತ್ತುಕೊಂಡು ಹೋದರು.

ಈಗ ಎಲ್ಲವೂ ಸುಸೂತ್ರವಾಗಿದೆ. ಅತ್ತಿಗೆ ಇಲ್ಲದ ದಿನಗಳಲ್ಲಿ ಅವರ ಕೆಲಸವನ್ನು ಬಳಗದವರೇ ಸರದಿಯ ಮೇಲೆ ಮಾಡುತ್ತಾರೆ, ಅಳು ಒಬ್ಬರಿಗಿಂತ ಒಬ್ಬರದು ಚೆಂದ. ಕಿಟಕಿಯೊಳಗಿನವರಿಗೂ ಗಂಟಲು ಕಟ್ಟುತ್ತಿದೆ, ಈಗಂತೂ ಅಚ್ಚಿಲ್ಲದೆಯೇ ಕೆನ್ನೆ ಊದಿದ ಹಾಗೆ ಕಾಣುತ್ತದೆ ಎಂದು ಡಾಕ್ಟರಮ್ಮ ಮೆಚ್ಚಿ ಬರೆದಿದ್ದಾರೆ. ಸಾಹೇಬರಿಗೆ ಬಡ್ತಿ ಸಿಕ್ಕಿತು. ಅತ್ತಿಗೆಯ ವೇಷದಲ್ಲಿ ಬರುವವರು ಗಂಡಸರಿರಲಿ, ಹೆಂಗಸರಿರಲಿ, ಕೈಯಲ್ಲಿ ಒಂದು ನೀಲಿ ಚೀಲ ಹಿಡಿದುಕೊಂಡೇ ಬರುತ್ತಾರೆ, ಕಿತ್ತ ಹಿಡಿಯನ್ನು ಕಪ್ಪು ದಾರದಲ್ಲೇ ಹೊಲಿದಿರುತ್ತಾರೆ. ಒಬ್ಬರೂ ತಪ್ಪು ಮಾಡಿದ್ದನ್ನು ನಾನು ಕಂಡಿಲ್ಲ.